ಕೊನೆಯ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳಿದವರು

ಫಿಸಿಯಾಲಜಿಯಲ್ಲಿ ಎಂಡಿ ಮುಗಿಸಿ 2008ರಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿದ ದಿನ ನಮ್ಮ ಎಚ್‌ಒಡಿ ನನ್ನ ಕೈಗಿಟ್ಟದ್ದು ಒಂದು ಸೀಮೆಸುಣ್ಣದ ಡಬ್ಬಿ, ಒಂದು ಟೈಮ್‌ಟೇಬಲ್. "ನೋಡಮ್ಮ, ನಾಳೆ ಎಂಟಕ್ಕೆ ನರ್ವ್-ಮಸಲ್ ಶುರು ಮಾಡ್ಬಿಡು. ಹುಡುಗ್ರು ಗಲಾಟೆ ಮಾಡಿದ್ರೆ ನನ್ನ ಹೆಸರು ಹೇಳು" ಅಂದರು. ನನಗೆ ಸಿಕ್ಕ ಶಿಕ್ಷಕ ತರಬೇತಿ ಅಷ್ಟೇ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಟಿಸಿಎಚ್ ಅನ್ನುವ ಶಿಕ್ಷಕ ತರಬೇತಿ ಮಾಡಿ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷ ದುಡಿದವಳು. "ಪಾಠಟಿಪ್ಪಣಿ ಬರ್ಕೊಂಡ್ಯಾ?" ಅಂತ ಕೇಳಿದಳು. ನಗು ಬಂತು. ಎಂಬಿಬಿಎಸ್ ಮಕ್ಕಳಿಗೆ ಪಾಠಟಿಪ್ಪಣಿಯೇ! "ಹಂಗಾದ್ರೆ ನಿಂಗೆ ಪಾಠ ಮಾಡೋದು ಯಾರು ಕಲಿಸಿದ್ರು?" ಅಂದಳು. ಉತ್ತರ ಇರಲಿಲ್ಲ. ಒಂದನೇ ಕ್ಲಾಸಿನ ಮಗುವಿಗೆ ಅ ಆ ಇ ಈ ಹೇಳಿಕೊಡಲು ಸರ್ಕಾರ ಎರಡು ವರ್ಷ ತರಬೇತಿ ಕೊಡುತ್ತದೆ. ನಾಳೆ ರೋಗಿಯ ಎದೆ ಮೇಲೆ ಸ್ಟೆತ್ ಇಡುವವರಿಗೆ ಕಲಿಸಲು ಎಂಡಿ ಸಾಕು. ಎಂಡಿಯ ಮೂರು ವರ್ಷದಲ್ಲಿ ನಾನು ಸೆಮಿನಾರ್ ಕೊಟ್ಟಿದ್ದೆ, ಥೀಸಿಸ್ ಬರೆದಿದ್ದೆ, ಪ್ರಾಕ್ಟಿಕಲ್ ನೋಡಿಕೊಂಡಿದ್ದೆ. ಕಲಿಸುವುದು ಹೇಗೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮುಂದಿನ ನಾಲ್ಕು ವರ್ಷ ನನ್ನ ಮೇಷ್ಟ್ರುಗಳು ಮಾಡಿದ ಹಾಗೇ ಪಾಠ ಮಾಡಿದೆ. ಅವರು ಓಎಚ್‌ಪಿ ಪ್ರೊಜೆಕ್ಟರಿನ ಪಾರದರ್ಶಕ ಹಾಳೆ ಓದುತ್ತಿದ್ದರು, ನಾನು ಪಿಪಿಟಿ ಓದಿದೆ. 150 ಮಕ್ಕಳು ಬರೆದುಕೊಂಡರು. ಪಾಸೂ ಆದರು. ಅದರಿಂದ ನಾನು ಒಳ್ಳೆಯ ಟೀಚರ್ ಅಂತ ತೀರ್ಮಾನಕ್ಕೆ ಬಂದುಬಿಟ್ಟಿದ್ದೆ.

2012ರಲ್ಲಿ, ಪಾಠ ಮಾಡುವುದನ್ನು ಕಲಿಸುವ ಮೂರು ದಿನದ ಬೇಸಿಕ್ ಕೋರ್ಸಿಗೆ ನನ್ನ ಹೆಸರು ಹಾಕಿದರು. ಆಗಿನ್ನೂ ಮೆಡಿಕಲ್ ಕಾಲೇಜುಗಳನ್ನು ನಿಯಂತ್ರಿಸುತ್ತಿದ್ದ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾದ (ಎಂಸಿಐ) ಕಾಲ. ವೈದ್ಯಕೀಯ ಶಿಕ್ಷಕರಿಗೆ ದೇಶದ ಅಲ್ಲಲ್ಲಿ ರೀಜನಲ್ ಸೆಂಟರ್‌ಗಳನ್ನು ಗುರುತಿಸಿ, ಪ್ರತಿ ಕಾಲೇಜಿನಲ್ಲೂ ಮೆಡಿಕಲ್ ಎಜುಕೇಶನ್ ಯೂನಿಟ್ (ಎಂಇಯು) ಇರಬೇಕು ಅಂತ ಹೇಳಿದ್ದರು. ಈಗ ಬಡ್ತಿ ಬೇಕಾದರೆ ಈ ಸರ್ಟಿಫಿಕೇಟು ಇರಲೇಬೇಕು, ಜೊತೆಗೆ ಬಯೋಮೆಡಿಕಲ್ ರಿಸರ್ಚಿನ ಆನ್‌ಲೈನ್ ಕೋರ್ಸೂ ಬೇಕು. ಆಗ ನಮ್ಮಲ್ಲಿ ಹಾಗಿರಲಿಲ್ಲ, ಡಿಪಾರ್ಟ್‌ಮೆಂಟಿಗೆ ಒಬ್ಬರು ಅಂತ ಕಳಿಸುತ್ತಿದ್ದರು, ಬೇರೆ ಯಾರೂ ಒಪ್ಪದಿದ್ದಾಗ ನನ್ನ ಪಾಳಿ ಬಂತು.

ದೀಪ ಬೆಳಗಿಸುವುದು, ಪ್ರೀ-ಟೆಸ್ಟು, ಗುಂಪು ಮಾಡಿ ಚಾರ್ಟ್ ಬರೆಸುವುದು, ಮಧ್ಯಾಹ್ನದ ಹೋಳಿಗೆ ಊಟದ ಮೇಲೆ ತೂಕಡಿಕೆ. ಬ್ಲೂಮ್ 1956ರಲ್ಲಿ ಕಟ್ಟಿದ ಕಲಿಕೆಯ ಮೆಟ್ಟಿಲು, ಮಿಲ್ಲರ್ 1990ರಲ್ಲಿ ಬರೆದ ಪಿರಮಿಡ್ಡು: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸಬಲ್ಲ, ನಿಜವಾಗಿ ಮಾಡುತ್ತಾನೆ. ಉದ್ದೇಶ ಬರೆಯುವಾಗ 'ಅಂಡರ್‌ಸ್ಟ್ಯಾಂಡ್' ಅನ್ನುವ ಕ್ರಿಯಾಪದಕ್ಕೆ ಆ ಮೂರು ದಿನ ಸಂಪೂರ್ಣ ಬಹಿಷ್ಕಾರ. ವಿದ್ಯಾರ್ಥಿಗೆ ಅರ್ಥವಾಯಿತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಹೆಸರಿಸು, ವಿವರಿಸು, ಅಳೆದು ತೋರಿಸು ಅಂತ ಬರೆಯಿರಿ, ಅಂದರು. ಎರಡನೇ ದಿನ ಬರೆಯುತ್ತಾ ಕೂತಾಗ ಹೊಳೆಯಿತು: ಇದು ಅಮ್ಮನ ಪಾಠಟಿಪ್ಪಣಿಯೇ. ಸಾಮರ್ಥ್ಯ, ಚಟುವಟಿಕೆ, ಮೌಲ್ಯಮಾಪನ ಅಂತ ಮೂರು ಗೆರೆ ಎಳೆದುಕೊಂಡು ಅವಳು ಪ್ರತಿ ಭಾನುವಾರ ರಾತ್ರಿ ಬರೆಯುತ್ತಿದ್ದದ್ದು.

ಆ ಕೋರ್ಸಿನಲ್ಲಿ ನಿಜಕ್ಕೂ ಚುಚ್ಚಿದ್ದು ಮೈಕ್ರೋಟೀಚಿಂಗ್. ಏಳು ನಿಮಿಷ ಪಾಠ ಮಾಡಬೇಕು, ವಿಡಿಯೋ ತೆಗೆಯುತ್ತಾರೆ, ಆಮೇಲೆ ಎಲ್ಲರೂ ಕೂತು ನೋಡುವುದು. ಪರದೆಯ ಮೇಲೆ ನನ್ನ ಬೆನ್ನು ಕಂಡಿತು. ಏಳರಲ್ಲಿ ಐದು ನಿಮಿಷ ನಾನು ಸ್ಲೈಡಿಗೆ ಪಾಠ ಮಾಡಿದ್ದೆ. ಜೊತೆಗೆ ಪ್ರತಿ ವಾಕ್ಯದ ಕೊನೆಗೂ "ಓಕೆ?" ಅನ್ನುತ್ತಿದ್ದೆ, ಯಾರ ಓಕೆಗೂ ಕಾಯದೆ.

ಊರಿಗೆ ಬಂದು ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿದೆ. ಪಾಠ ಬದಲಾಗಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮಲ್ಲಿ ವರ್ಕ್‌ಶಾಪ್ ಆಯಿತು ಅಂದರೆ ಶಿಕ್ಷಕ ತಯಾರಾದ ಅಂತ ಲೆಕ್ಕ. ನನ್ನ ವಿಷಯದಲ್ಲಿ ಒಂದು ವರ್ಷ ಏನೂ ಆಗಲಿಲ್ಲ, ಸ್ಲೈಡಿನ ಮೊದಲ ಪುಟದಲ್ಲಿ 'ಉದ್ದೇಶಗಳು' ಅಂತ ಒಂದು ಪಟ್ಟಿ ಸೇರಿತು ಅನ್ನುವುದನ್ನು ಬಿಟ್ಟರೆ.

ಮೊದಲು ಅಲುಗಾಡಿಸಿದ್ದು ನನ್ನದೇ ಪ್ರಶ್ನೆಪತ್ರಿಕೆ. ಇಂಟರ್ನಲ್ಸಿಗೆ 20 ಎಂಸಿಕ್ಯೂ ಹಾಕಿದ್ದೆ. ಕೋರ್ಸಿನಲ್ಲಿ ಹೇಳಿಕೊಟ್ಟ ಐಟಂ ಅನಾಲಿಸಿಸ್ ಮಾಡಿ ನೋಡೋಣ ಅಂತ ಒಂದು ಭಾನುವಾರ ಕೂತೆ. ವಿಧಾನ ಸುಲಭ. 150 ಉತ್ತರಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿ, ಮೇಲಿನ 50, ಕೆಳಗಿನ 50 ಬೇರೆ ಮಾಡಬೇಕು. ಒಂದೊಂದು ಪ್ರಶ್ನೆಗೂ ಎರಡೂ ಗುಂಪಿನಲ್ಲಿ ಎಷ್ಟು ಜನ ಸರಿ ಬರೆದಿದ್ದಾರೆ ಅಂತ ಎಣಿಸಬೇಕು. ಒಳ್ಳೆಯ ಪ್ರಶ್ನೆಯಾದರೆ ಮೇಲಿನ ಗುಂಪು ಹೆಚ್ಚು ಸರಿ ಬರೆದಿರುತ್ತದೆ. ಆ ವ್ಯತ್ಯಾಸವನ್ನು ಎರಡರಿಂದ ಗುಣಿಸಿ ನೂರರಿಂದ ಭಾಗಿಸಿದರೆ ಡಿಸ್ಕ್ರಿಮಿನೇಶನ್ ಇಂಡೆಕ್ಸ್.

ಹದಿನಾಲ್ಕನೇ ಪ್ರಶ್ನೆ: ನಿಂತ ಮನುಷ್ಯನ ಶ್ವಾಸಕೋಶದ ತುದಿಯಲ್ಲಿ, ಬುಡಕ್ಕೆ ಹೋಲಿಸಿದರೆ, ಯಾವುದು ಹೆಚ್ಚು? ಆಯ್ಕೆಗಳಲ್ಲಿ ವೆಂಟಿಲೇಶನ್ (ಗಾಳಿಯ ಓಡಾಟ), ಪರ್ಫ್ಯೂಶನ್ (ರಕ್ತದ ಹರಿವು), ಅವೆರಡರ ಅನುಪಾತ, ಗಾಳಿಗೂಡಿನ ಆಕ್ಸಿಜನ್ ಒತ್ತಡ. ನನ್ನ ಕೀ ಪ್ರಕಾರ ಉತ್ತರ ಅನುಪಾತ. ಮೇಲಿನ ಐವತ್ತರಲ್ಲಿ ಸರಿ ಬರೆದವರು 14 ಜನ, ಕೆಳಗಿನ ಐವತ್ತರಲ್ಲಿ 21. ಇಂಡೆಕ್ಸ್ ಮೈನಸ್ 0.14. ದಡ್ಡರು ಅಂತ ನಾನು ಬರೆದಿಟ್ಟವರು ಜಾಣರನ್ನು ಸೋಲಿಸಿದ್ದರು.

ಎರಡು ಸಲ ಎಣಿಸಿದೆ. ಆಮೇಲೆ ಪ್ರಶ್ನೆಯನ್ನೇ ಮತ್ತೆ ಓದಿದೆ. ತುದಿಯಲ್ಲಿ ಅನುಪಾತ ಹೆಚ್ಚು, ಸರಿ. ಆದರೆ ಅನುಪಾತ ಹೆಚ್ಚಿರುವುದರಿಂದಲೇ ಅಲ್ಲಿ ಆಕ್ಸಿಜನ್ ಒತ್ತಡವೂ ಹೆಚ್ಚು. ಅಂದರೆ ಎರಡು ಸರಿ ಉತ್ತರ. ನನ್ನ ನೋಟ್ಸಿನ ಸಾಲನ್ನು ಬಾಯಿಪಾಠ ಮಾಡಿದವರು ಅನುಪಾತಕ್ಕೆ ಗುರುತು ಹಾಕಿದ್ದರು. ಒಂದು ಹೆಜ್ಜೆ ಮುಂದೆ ಯೋಚಿಸಿದವರು ಆಕ್ಸಿಜನ್‌ಗೆ. ಯೋಚಿಸಿದ ತಪ್ಪಿಗೆ ಅವರ ಅಂಕ ಕಿತ್ತುಕೊಂಡಿದ್ದೆ. ಮರುದಿನ ಕ್ಲಾಸಿನಲ್ಲಿ ಹೇಳಿ ಅಂಕ ಸರಿಪಡಿಸಿದೆ. ಹಿಂದಿನ ನಾಲ್ಕು ವರ್ಷದ ಪತ್ರಿಕೆಗಳಲ್ಲಿ ಇಂಥವು ಎಷ್ಟಿದ್ದವೋ, ಆ ಉತ್ತರಪತ್ರಿಕೆಗಳೆಲ್ಲ ರದ್ದಿಗೆ ಹೋಗಿದ್ದವು.

ಎರಡನೆಯದು 2014ರಲ್ಲಿ. ಕಮ್ಯುನಿಟಿ ಮೆಡಿಸಿನ್‌ನ ಹಿರಿಯ ಮೇಡಂ ಒಬ್ಬರು ಆಗ ಎಂಇಯು ನೋಡಿಕೊಳ್ಳುತ್ತಿದ್ದರು. "ನಿನ್ನ ಕ್ಲಾಸಲ್ಲಿ ಒಂದಿನ ಹಿಂದೆ ಕೂತ್ಕೊಳ್ಲಾ?" ಅಂದರು. ಬೇಡ ಅನ್ನಲು ಬಾಯಿ ಬರಲಿಲ್ಲ. ನಮ್ಮಲ್ಲಿ ಇನ್ನೊಬ್ಬರ ಕ್ಲಾಸಿಗೆ ಕಾಲಿಡುವುದೆಂದರೆ ಇನ್‌ಸ್ಪೆಕ್ಷನ್ ಅಂತಲೇ ಅರ್ಥ. ಅವರು ಬ್ಯಾರೋರಿಸೆಪ್ಟರ್ (ರಕ್ತದೊತ್ತಡದ ಏರಿಳಿತ ಗುರುತಿಸುವ ನರತುದಿಗಳು) ಪಾಠಕ್ಕೆ ಬಂದು ಕೊನೆಯ ಬೆಂಚಿನಲ್ಲಿ, ಮಕ್ಕಳ ಬ್ಯಾಗುಗಳ ಪಕ್ಕ ಕೂತರು. ಆಮೇಲೆ ಕ್ಯಾಂಟೀನಿನಲ್ಲಿ ಚಹಾ ಹೇಳಿ ಒಂದು ಚೀಟಿ ತೆಗೆದರು. ಅದರಲ್ಲಿ ಅಭಿಪ್ರಾಯವೇ ಇರಲಿಲ್ಲ, ಬರೀ ಎಣಿಕೆ.

"ಹನ್ನೊಂದು ಪ್ರಶ್ನೆ ಕೇಳಿದೆ ನೋಡು. ಹತ್ತಕ್ಕೆ ನೀನೇ ಉತ್ತರ ಹೇಳಿದೆ."

"ಮತ್ತೊಂದಕ್ಕೆ, ಮೇಡಂ?"

"ಅದಕ್ಕೆ ಬೆಲ್ ಆಯ್ತು."

ಅವರೇ ಹೇಳಿದರು: ಅಮೆರಿಕದ ಮೇರಿ ಬಡ್ ರೋವ್ ಶಾಲೆಗಳ ತರಗತಿಗಳನ್ನು ರೆಕಾರ್ಡ್ ಮಾಡಿ ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಬಿಡುತ್ತಾರೆ. ಕೇಳಲು ಸುಲಭ. 150 ಜನರ ಎದುರು ಮೂರು ಸೆಕೆಂಡು ಸುಮ್ಮನೆ ನಿಲ್ಲುವುದು ಎಷ್ಟು ಉದ್ದವೆಂದು ನಿಂತವರಿಗೇ ಗೊತ್ತು. ಗಡಿಯಾರ ನೋಡಿದರೆ ಮಕ್ಕಳೂ ಗಡಿಯಾರ ನೋಡುತ್ತಾರೆ. ಕೊನೆಗೆ ನನ್ನ ಕಸುಬಿನದೇ ಉಪಾಯ ಸಿಕ್ಕಿತು. ಪ್ರಶ್ನೆ ಕೇಳಿ ಕೈ ಹಿಂದೆ ಕಟ್ಟಿ ನನ್ನದೇ ನಾಡಿ ಹಿಡಿದು ಐದು ಬಡಿತ ಎಣಿಸುವುದು. ಶಾಂತವಾಗಿದ್ದ ದಿನ ಅದು ನಾಲ್ಕು ಸೆಕೆಂಡು. ಹೆದರಿಕೆಯ ದಿನ ಹೃದಯದ ಬಡಿತ ನಿಮಿಷಕ್ಕೆ ನೂರಕ್ಕೇರಿ ಅದು ಮೂರು ಸೆಕೆಂಡಿಗೆ ಇಳಿಯುತ್ತದೆ, ಆದರೂ ರೋವ್ ಹೇಳಿದ ಲೆಕ್ಕದೊಳಗೇ ಇರುತ್ತೇನೆ. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಮೂರನೇ ವಾರ, ಪಿಯುಸಿವರೆಗೂ ಕನ್ನಡದಲ್ಲೇ ಯೋಚಿಸಿ ಬಂದ ಒಬ್ಬ ಹುಡುಗಿ, "ಮೇಡಂ, ಕನ್ನಡದಲ್ಲಿ ಹೇಳ್ಲಾ?" ಅಂತ ಎದ್ದಳು. ಕೂತಿದ್ದವನು ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದೇಕೆ ಅನ್ನುವುದನ್ನು ತನ್ನ ಅಜ್ಜಿಯ ಬವಳಿಗೆ ಹೋಲಿಸಿ ಹೇಳಿದಳು. ನನ್ನ ಸ್ಲೈಡಿಗಿಂತ ಚೆನ್ನಾಗಿತ್ತು.

ಆಮೇಲೆ ಒಂದು ವರ್ಷದ ಅಡ್ವಾನ್ಸ್ಡ್ ಕೋರ್ಸ್ ಮಾಡಿದೆ. ಅಲ್ಲಿ ನಮ್ಮದೇ ಕಾಲೇಜಿನ ಒಂದು ತೊಂದರೆ ಹಿಡಿದು ಪ್ರಾಜೆಕ್ಟ್ ಮಾಡಬೇಕು. ನಾನು ಹಿಡಿದದ್ದು ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ಬರೆಯುವ 'ಇಂಪ್ರೂವ್' ಅನ್ನುವ ಪದ. ಏನನ್ನು ಇಂಪ್ರೂವ್ ಮಾಡಬೇಕು? ಅಕ್ಷರವನ್ನೋ, ಚಿತ್ರವನ್ನೋ? ಬಿಪಿ ನೋಡುವ ಪ್ರಾಕ್ಟಿಕಲ್ಲಿನಲ್ಲಿ ಪ್ರತಿ ವಿದ್ಯಾರ್ಥಿಯನ್ನೂ ಪಕ್ಕದಲ್ಲಿ ನಿಂತು ನೋಡಿ, ಅಲ್ಲೇ ಎರಡು ನಿಮಿಷ ಹೇಳುವುದು ಅಂತ ಇಟ್ಟುಕೊಂಡೆ. "ಕಫ್ ಸರಿಯಾದ ಎತ್ತರಕ್ಕೆ ಕಟ್ಟಿದೆ, ಕೈ ಹೃದಯದ ಮಟ್ಟಕ್ಕಿದೆ. ಆದರೆ ಮೊದಲು ನಾಡಿ ಮುಟ್ಟಿ ನೋಡದೆ ನೇರ ಸ್ಟೆತ್ ಇಟ್ಟೆ. ಕೆಲವರಲ್ಲಿ ಮಧ್ಯೆ ಸದ್ದು ಮಾಯವಾಗುತ್ತೆ, ಆಗ ನೀನು 180 ಇರೋ ಅಜ್ಜನಿಗೆ 140 ಅಂತ ಬರೀತೀಯ." ಹೀಗೆ. ಇದರಲ್ಲಿ ಇಂಪ್ರೂವ್ ಅನ್ನುವ ಪದವೇ ಬೇಕಾಗಲಿಲ್ಲ. ಆದರೆ ಇಷ್ಟನ್ನು ಹೇಳಬೇಕಾದರೆ ನಾನು ಫೋನ್ ಕೆಳಗಿಟ್ಟು ನಿಜವಾಗಿ ನೋಡಬೇಕಿತ್ತು. ಎಷ್ಟು ವರ್ಷ ನೋಡದೇ ಸಹಿ ಹಾಕಿದ್ದೆ ಅನ್ನುವುದು ಪ್ರಾಜೆಕ್ಟ್ ವರದಿಯಲ್ಲಿ ಬರೆಯದ ವಿಷಯ.

2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು, ಸಿಬಿಎಂಇ, ಅಂದರೆ ಸಾಮರ್ಥ್ಯ ಆಧಾರಿತ ವೈದ್ಯಕೀಯ ಶಿಕ್ಷಣ. ದಪ್ಪದ ಮೂರು ಸಂಪುಟ, ಮೂರು ಸಾವಿರದ ಹತ್ತಿರ ಕಾಂಪಿಟೆನ್ಸಿಗಳು, ಶುರುವಿಗೆ ಒಂದು ತಿಂಗಳ ಫೌಂಡೇಶನ್ ಕೋರ್ಸು, ಜೊತೆಗೆ ನಡೆನುಡಿ, ನೀತಿ, ಸಂವಹನ ಕಲಿಸುವ ಏಟ್‌ಕಾಮ್. ನಮಗೆಲ್ಲ ಅವಸರದಲ್ಲಿ ಇನ್ನೊಂದು ಸುತ್ತು ತರಬೇತಿ. ಟೀಕೆ ಮಾಡುವುದು ಸುಲಭ, ನಾನೂ ಮಾಡಿದ್ದೇನೆ. ಲಾಗ್‌ಬುಕ್ಕಿಗೆ ಸಹಿ ಹಾಕಿ ಹಾಕಿ ಕೈ ಸೋತಿದೆ. ಆದರೆ ಎರಡು ಒಳ್ಳೆಯದಾಯಿತು. ಒಂದು, ಫೌಂಡೇಶನ್ ತಿಂಗಳಲ್ಲಿ ಸ್ಥಳೀಯ ಭಾಷೆ ಕಲಿಸಬೇಕು ಅಂದದ್ದು. ರಾಜಸ್ಥಾನದ, ಕೇರಳದ ಮಕ್ಕಳಿಗೆ ನಾವು 'ನನ್ನ ಹೆಸರು, ನಿಮ್ಮ ಹೆಸರು'ಗಳಲ್ಲೇ ತಿಂಗಳು ಕಳೆಯದೆ ದಮ್ಮು, ಸಂಕಟ, ಬವಳಿ, ಉರಿಮೂತ್ರ, 'ಎದೆ ಹಿಡ್ಕೊಂಡಂಗೆ ಆಗ್ತದೆ'ಗಳನ್ನು ಕಲಿಸಿದೆವು.

ಇನ್ನೊಂದು, ಏಟ್‌ಕಾಮ್‌ನ ಎರಡನೇ ಪಾಠ: ರೋಗಿಯಾಗಿರುವುದು ಅಂದರೆ ಏನು? ನನ್ನ ಪಾಲಿಗೆ ಬಂತು. ಇಷ್ಟೆಲ್ಲ ಕಲಿತವಳು ಏನು ಮಾಡಿದೆ ಗೊತ್ತೇ? ಅನುಕಂಪದ ಮೇಲೆ 32 ಸ್ಲೈಡಿನ ಪಿಪಿಟಿ. ಹತ್ತು ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಆಕಳಿಕೆ. ಮುಂದಿನ ಬ್ಯಾಚಿಗೆ ಪಿಪಿಟಿ ಬಿಟ್ಟು, ನಮ್ಮಲ್ಲೇ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬರುವ ಒಬ್ಬರನ್ನು ಒಪ್ಪಿಸಿ ಕರೆತಂದೆ. ಬಸ್ಸಿನಲ್ಲಿ ಸೀಟು ಸಿಗದ್ದು, ದಿನಕ್ಕೆ ಎಷ್ಟು ಲೋಟ ನೀರು ಅಂತ ಮನೆಯವರು ಎಣಿಸುವುದು, ಎಲ್ಲ ಹೇಳಿದರು. ಕೊನೆಗೆ ಒಬ್ಬ ಹುಡುಗ "ಡಾಕ್ಟರ್‌ಗಳಿಂದ ಏನು ಬೇಕು ನಿಮಗೆ?" ಅಂತ ಕೇಳಿದ. "ನನ್ ಫೈಲ್ ನೋಡೋಕ್ ಮುಂಚೆ ನನ್ ಮುಖ ನೋಡ್ರಪ್ಪ" ಅಂದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಅರ್ಧ ಗಂಟೆ ಒಂದು ಮಾತೂ ಆಡಿರಲಿಲ್ಲ.

ಈಗ ಎಂಇಯು ನನ್ನ ತಲೆಗೆ ಬಂದಿದೆ. ಬೇಸಿಕ್ ಕೋರ್ಸ್ ನಡೆಸುವವಳು ನಾನೇ, ದೀಪ ಬೆಳಗಿಸುವುದೂ ಇದೆ, ಹೋಳಿಗೆಯೂ ಇದೆ. ಕ್ಲಿನಿಕಲ್ ವಿಭಾಗದವರ ತಕರಾರು ಮಾತ್ರ ನ್ಯಾಯವಾದದ್ದು. ಒಬ್ಬ ಸರ್ಜನ್ ನೇರವಾಗಿ ಕೇಳಿದರು, "ಓಪಿಡೀಲಿ ನೂರಿಪ್ಪತ್ತು ಜನ ಕಾಯ್ತಿರ್ತಾರೆ ಮೇಡಂ. ನಿಮ್ಮ ಮಿಲ್ಲರ್ ಬಂದು ಗಾಯ ಕಟ್ತಾನಾ?" ಅಂಥವರಿಗೆ ಪಿರಮಿಡ್ ತೋರಿಸಿ ಪ್ರಯೋಜನವಿಲ್ಲ. ಒನ್ ಮಿನಿಟ್ ಪ್ರಿಸೆಪ್ಟರ್ ಅಂತ 1992ರಿಂದ ಇರುವ ಒಂದು ಪದ್ಧತಿ ಹೇಳಿಕೊಟ್ಟೆ. ವಿದ್ಯಾರ್ಥಿ ಕೇಸ್ ಹೇಳಿದ ತಕ್ಷಣ ಉತ್ತರ ಕೊಡದೆ ಮೊದಲು "ನಿಂಗೆ ಏನನ್ಸುತ್ತೆ?" ಅನ್ನುವುದು. ಆಮೇಲೆ "ಯಾಕೆ?" ಅಂತ ಕೇಳಿ, ಎಲ್ಲೆಡೆ ಅನ್ವಯಿಸುವ ಒಂದೇ ಸೂತ್ರ ಹೇಳಿ, ಸರಿ ಮಾಡಿದ್ದನ್ನು ಸರಿ ಅಂದು, ತಪ್ಪನ್ನು ತಿದ್ದುವುದು. ತಿಂಗಳಾದ ಮೇಲೆ ಅವರೇ ಕಾರಿಡಾರಿನಲ್ಲಿ ತಡೆದರು. "ಏನನ್ಸುತ್ತೆ ಅಂದ್ರೆ ಹುಡುಗ್ರು ಬೈತಿದ್ದೀನಿ ಅನ್ಕೊಂಡು ಸಾರಿ ಸರ್ ಅಂತಾರೆ ಮೇಡಂ!" ಹದಿನೈದು ವರ್ಷ ಬೈದಿದ್ದರ ಬಡ್ಡಿ ಸರ್ ಅದು, ಅಂದೆ. ನಕ್ಕರು. ಬಿಟ್ಟಿಲ್ಲ, ಇನ್ನೂ ಕೇಳುತ್ತಿದ್ದಾರೆ.

ಕೋರ್ಸಿಗೆ ನಾನು ಸೇರಿಸಿದ್ದು ಒಂದೇ. ಮುಗಿಸಿ ಹೋದವರು ಆರು ತಿಂಗಳೊಳಗೆ ಜೋಡಿಯಾಗಿ ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಎರಡು ಸಲ ಕೂತು ಬರಬೇಕು. ಚೀಟಿಯಲ್ಲಿ ಎಣಿಕೆ ಮಾತ್ರ, ಅಭಿಪ್ರಾಯ ಬೇಡ. ಚೀಟಿ ಪಾಠ ಮಾಡಿದವರ ಕೈಗೆ, ಪ್ರಿನ್ಸಿಪಾಲರ ಟೇಬಲ್ಲಿಗಲ್ಲ. ಈ ಕೊನೆಯ ಷರತ್ತಿಗಾಗಿ ಎರಡು ಮೀಟಿಂಗು ಜಗಳವಾಡಿದ್ದೇನೆ. ಚೀಟಿ ಮೇಲೆ ಹೋದರೆ ಅದು ಕಾನ್ಫಿಡೆನ್ಷಿಯಲ್ ರಿಪೋರ್ಟ್ ಆಗುತ್ತದೆ, ಯಾರೂ ಬಾಗಿಲು ತೆರೆಯುವುದಿಲ್ಲ. ಹಾಗಂತ ಎಲ್ಲರೂ ಮಾಡುತ್ತಾರೆ ಅಂತಲೂ ಇಲ್ಲ. ಪೇಪರ್ ಬರೆದರೆ ಬಡ್ತಿಗೆ ಲೆಕ್ಕಕ್ಕೆ ಬರುತ್ತದೆ, ಇದು ಬರುವುದಿಲ್ಲ. ಅರ್ಧದಷ್ಟು ಜೋಡಿಗಳು ಮೊದಲ ಸಲ ಕೂತು ನಿಲ್ಲಿಸಿಬಿಡುತ್ತವೆ.

ಹೋದ ತಿಂಗಳು ನನ್ನ ಕ್ಲಾಸಿನಲ್ಲಿ ಕೂತದ್ದು ಹೊಸದಾಗಿ ಸೇರಿದ ಟ್ಯೂಟರ್ ಹುಡುಗಿ. ಪಾಠ ಮತ್ತದೇ ಬ್ಯಾರೋರಿಸೆಪ್ಟರ್. ಚೀಟಿ ಕೊಡುವಾಗ ಕೈ ನಡುಗುತ್ತಿತ್ತು. ಒಂಬತ್ತು ಪ್ರಶ್ನೆ. ಆರಕ್ಕೆ ಮಕ್ಕಳು ಉತ್ತರ ಹೇಳಿದ್ದರು, ಮೂರಕ್ಕೆ ನಾನು. ಕೆಳಗೆ ಎಣಿಕೆಯಲ್ಲದ ಒಂದು ಸಾಲೂ ಇತ್ತು, ನಿಯಮ ಮೀರಿ: "ಉತ್ತರ ಹೇಳಿದ ಆರೂ ಜನ ಎಡಗಡೆ ಬೆಂಚಿನವರು, ಮೇಡಂ. ನೀವು ಬಲಗಡೆ ನೋಡಲೇ ಇಲ್ಲ."