ಕಲಬುರಗಿಗೆ ಹೊಸಬರಿಗೆ: ಚಿಕ್ಕ ಮಕ್ಕಳ ಜೊತೆ ಒಂದು ದಿನ ಹೊರಗೆ

ವರ್ಗವಾಗಿ ಬಂದ ಕುಟುಂಬಗಳು ನಮ್ಮ ಸಂಘದಲ್ಲಿ ಮನೆ, ಶಾಲೆ, ಗ್ಯಾಸ್ ಆದ ಮೇಲೆ ಕೇಳುವುದು ಇದನ್ನೇ: ರವಿವಾರ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ? ಜಾಗಗಳಿಗೆ ಇಲ್ಲಿ ಬರವಿಲ್ಲ. ಹೊಸಬರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಬೆಂಗಳೂರು, ಮೈಸೂರಿನ ರೂಢಿಯಂತೆ ತಿಂಡಿ ಮುಗಿಸಿ ಹತ್ತೂವರೆಗೆ ಹೊರಟರೆ ಕೋಟೆಯ ಕಲ್ಲು ಆಗಲೇ ಕಾದಿರುತ್ತದೆ. ಹನ್ನೆರಡಕ್ಕೆ ಮಗು ಅಳಲು ಶುರುಮಾಡುತ್ತದೆ, ಒಂದಕ್ಕೆ ದೊಡ್ಡವರ ಜಗಳ. ಐದು ವರ್ಷದೊಳಗಿನ ಮಕ್ಕಳಿದ್ದರೆ ಒಂದು ದಿನಕ್ಕೆ ಒಂದೇ ಜಾಗ, ಅದೂ ಅರ್ಧ ದಿನ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಹನ್ನೊಂದೂವರೆಗೆ ನೆರಳು ಸೇರಿ. ಮಾರ್ಚ್ ಮಧ್ಯದಿಂದ ಜೂನ್ ಮೊದಲ ಮಳೆಯವರೆಗೆ ಬಯಲು ಜಾಗಗಳನ್ನು ಪೂರ್ತಿ ಮರೆತುಬಿಡಿ. ಉಷ್ಣತೆ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಆ ಎರಡು ತಿಂಗಳು ಸಂಜೆ ಐದೂವರೆಯ ನಂತರ ಶರಣಬಸವೇಶ್ವರ ಕೆರೆ ದಂಡೆ, ಹತ್ತಿರದ ಉದ್ಯಾನ, ಇಷ್ಟೇ ಸಾಕು.

ಜಾಗ ಆರಿಸುವಾಗ ಅದರ ಹೆಸರಿಗಿಂತ ಮೊದಲು ಮೂರು ವಿಷಯ ವಿಚಾರಿಸಿ: ನೆರಳಿದೆಯೇ, ನೀರಿದೆಯೇ, ಶೌಚಾಲಯ ತೆರೆದಿರುತ್ತದೆಯೇ. ಮೂರರಲ್ಲಿ ಎರಡಾದರೂ ಇಲ್ಲದ ಕಡೆ ಮೂರು ವರ್ಷದ ಮಗುವಿನೊಂದಿಗೆ ಒಂದು ತಾಸಿಗಿಂತ ಹೆಚ್ಚು ನಿಲ್ಲಲಾಗದು.

ಊರೊಳಗೆ ಶುರುಮಾಡಿ

ಮೊದಲ ರವಿವಾರಕ್ಕೆ ನಮ್ಮ ಸಲಹೆ ಜಿಲ್ಲಾ ವಿಜ್ಞಾನ ಕೇಂದ್ರ. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿಯ ಈ ಕೇಂದ್ರ 1984ರಿಂದ ಇದೆ. ಇಲ್ಲಿ ಮಕ್ಕಳು ಮುಟ್ಟಿ, ತಿರುಗಿಸಿ, ಎಳೆದು ನೋಡಬಹುದು. "ಮುಟ್ಟಬೇಡ" ಎಂದು ಗದರುವ ಕೆಲಸ ದೊಡ್ಡವರಿಗಿಲ್ಲ. ಒಳಗೆ ನೆರಳು, ಹೊರಗೆ ವಿಜ್ಞಾನ ಉದ್ಯಾನ. ಬೆಳಿಗ್ಗೆ ಮೊದಲು ಹೊರಗಿನ ಉದ್ಯಾನ, ಬಿಸಿಲೇರಿದ ಮೇಲೆ ಒಳಗಿನ ಗ್ಯಾಲರಿ. ಇದನ್ನು ತಿರುವುಮುರುವು ಮಾಡಿದರೆ ಕಬ್ಬಿಣದ ಆಟಿಕೆಗಳು ಕಾದು ಕೈ ಸುಡುತ್ತವೆ. ಪ್ರದರ್ಶನಗಳ ಸಮಯವನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಕತ್ತಲೆಗೆ ಹೆದರುವ ಮಗುವಿದ್ದರೆ ಬಾಗಿಲ ಹತ್ತಿರವೇ ಕೂರಿ.

ಕೋಟೆಗೆ ಹೋದರೆ ನೇರ ಜಾಮಾ ಮಸೀದಿಗೆ ನಡೆಯಿರಿ. 1367ರ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ ಇದೆ. ಭಾರತದಲ್ಲಿ ಇಂಥದ್ದು ಅಪರೂಪ. ಅದಕ್ಕೇ ಒಳಗೆ ತಂಪು. ಸಾಲು ಸಾಲು ಕಮಾನುಗಳ ನಡುವೆ ಕಣ್ಣಾಮುಚ್ಚಾಲೆ ಆಡಬೇಕೆಂದು ಮಕ್ಕಳಿಗೆ ಅನಿಸುವುದು ಸಹಜ. ಅದು ಪ್ರಾರ್ಥನೆಯ ಜಾಗ, ಚಪ್ಪಲಿ ಕಳಚಬೇಕು, ಕಿರುಚಬಾರದು ಎಂದು ಹೊರಗೇ ಹೇಳಿ ಕರೆದೊಯ್ಯಿರಿ. ಬುರುಜಿನ ಮೇಲಿನ ಉದ್ದ ತೋಪು ನೋಡದೆ ಹುಡುಗರು ಬಿಡುವುದಿಲ್ಲ. ಮೆಟ್ಟಿಲು ಎತ್ತರ, ಅಂಚಿಗೆ ಎಲ್ಲ ಕಡೆ ಕಂಬಿ ಇಲ್ಲ. ಒಂದು ಮಗುವಿಗೆ ಒಬ್ಬ ದೊಡ್ಡವರು ಎಂಬ ಲೆಕ್ಕವಿದ್ದರೆ ಮಾತ್ರ ಹತ್ತಿ. ಕಂದಕದ ಪೊದೆಗಳ ಕಡೆ ಚೆಂಡು ಒಯ್ಯಬೇಡಿ; ಉರುಳಿ ಹೋದ ಚೆಂಡಿನ ಹಿಂದೆ ಮಗುವೂ ಓಡುತ್ತದೆ.

ಸೇಡಂ ರಸ್ತೆಯ ಬುದ್ಧ ವಿಹಾರ 2009ರಲ್ಲಿ ಉದ್ಘಾಟನೆಯಾಯಿತು. ಬಿಳಿ ಗುಮ್ಮಟ, ಅಗಲವಾದ ಆವರಣ, ಓಡಲು ಬೇಕಾದಷ್ಟು ಜಾಗ. ಆದರೆ ಬರಿಗಾಲು, ಕಲ್ಲಿನ ನೆಲ. ಸಂಜೆ ನಾಲ್ಕಕ್ಕೆ ಬಂದವರ ಮಕ್ಕಳು ಕಾಲೆತ್ತಿ ಕುಣಿಯುವುದನ್ನು ಇಲ್ಲಿ ದಿನವೂ ನೋಡಬಹುದು. ದಪ್ಪ ಹತ್ತಿ ಸಾಕ್ಸ್ ಒಂದು ಜೊತೆ ಚೀಲದಲ್ಲಿರಲಿ.

ಬೀದರ್‌ಗೆ ಒಂದು ದಿನ

ಅರ್ಧ ದಿನದ ಲೆಕ್ಕ ಬಿಟ್ಟು ಇಡೀ ದಿನ ಕೊಡಲು ಯೋಗ್ಯವಾದದ್ದು ನಮ್ಮ ಪ್ರಕಾರ ಬೀದರ್ ಒಂದೇ. ಕಮಲಾಪುರ, ಹುಮನಾಬಾದ್ ದಾಟಿ ರಸ್ತೆಯಲ್ಲಿ ಎರಡೂವರೆ ತಾಸು. ರೈಲಿನ ಹೊತ್ತು ಕೂಡಿಬಂದರೆ ರೈಲೇ ಒಳ್ಳೆಯದು. 2017ರಲ್ಲಿ ಶುರುವಾದ ಈ ಮಾರ್ಗದಲ್ಲಿ ಮರಗುತ್ತಿ ಹತ್ತಿರ ಸುರಂಗ ಬರುತ್ತದೆ, ಮಕ್ಕಳಿಗೆ ಅರ್ಧ ಸಂಭ್ರಮ ಅಲ್ಲೇ. 5 ವರ್ಷದೊಳಗಿನವರಿಗೆ ರೈಲು ಟಿಕೆಟ್ ಬೇಡ.

ಬಸ್ಸಿನಲ್ಲಾದರೆ ಒಂದು ಮಾತು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸುವ ಮಹಿಳೆಯರಿಗೆ. ಬೇರೆ ರಾಜ್ಯದಿಂದ ಬಂದು ಆಧಾರ್ ವಿಳಾಸ ಬದಲಿಸದವರು ದುಡ್ಡು ಕೊಡಬೇಕಾಗುತ್ತದೆ, ಕಂಡಕ್ಟರ್ ಜೊತೆ ವಾದಿಸಿ ಫಲವಿಲ್ಲ. ಹೈದರಾಬಾದ್ ಬಸ್ ಹತ್ತಿ ಹುಮನಾಬಾದಿನಲ್ಲಿ ಇಳಿದರಾಯಿತು ಎಂಬ ಉಪಾಯವೂ ನಡೆಯದು, ಅಂತರರಾಜ್ಯ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ. ಸ್ವಂತ ಗಾಡಿಯಲ್ಲಿ ಹೋಗುವವರು ಕಮಲಾಪುರದಲ್ಲಿ ಕೆಂಪು ಬಾಳೆ ಕೊಳ್ಳಿ. ಸಿಪ್ಪೆ ಒತ್ತಿದರೆ ಸ್ವಲ್ಪ ಮೆತ್ತಗೆ ಇರಬೇಕು. ಗಟ್ಟಿ ಇದ್ದರೆ ಅಂದು ತಿನ್ನಲು ಬರುವುದಿಲ್ಲ, ಒಗರು.

ಕೋಟೆ ದೊಡ್ಡದು. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ, ಶರ್ಜಾ ದರ್ವಾಜಾದ ಹುಲಿ ಕೆತ್ತನೆ, ಹದಿನಾರು ಕಂಬದ ಮಸೀದಿ ಇವು ಮಕ್ಕಳ ಕಣ್ಣಿಗೆ ತಾವಾಗಿ ಬೀಳುತ್ತವೆ. ರಂಗೀನ್ ಮಹಲಿನ ಮರದ ಕೆತ್ತನೆ, ಮುತ್ತಿನ ಚಿಪ್ಪಿನ ಕೆಲಸ ನೋಡಬೇಕಾದದ್ದೇ, ಆದರೆ ಅದಕ್ಕೆ ಸಾಮಾನ್ಯವಾಗಿ ಬೀಗ. ಹಳೆಯ ಹಮಾಮಿನಲ್ಲಿರುವ (ಸ್ನಾನಗೃಹ) ವಸ್ತುಸಂಗ್ರಹಾಲಯದ ಸಿಬ್ಬಂದಿಯನ್ನು ವಿನಯದಿಂದ ಕೇಳಿದರೆ ಬಹುಮಟ್ಟಿಗೆ ತೆರೆದು ತೋರಿಸುತ್ತಾರೆ. ಕೇಳದೆ ಬಾಗಿಲು ನೋಡಿ ವಾಪಸ್ ಬಂದವರೇ ಜಾಸ್ತಿ. ಒಂದೂವರೆ ತಾಸಿನಲ್ಲಿ ಇಷ್ಟು ಮುಗಿಸಿ ಹೊರಬನ್ನಿ. ಉಳಿದ ಬುರುಜುಗಳನ್ನು ಮಕ್ಕಳು ದೊಡ್ಡವರಾದ ಮೇಲೆ ನೋಡಿದರಾಯಿತು.

ಊಟಕ್ಕೆ ಗುರುದ್ವಾರ ನಾನಕ್ ಝೀರಾ ಸಾಹಿಬ್. ಲಂಗರಿನ (ಗುರುದ್ವಾರದ ಉಚಿತ ಸಾಮೂಹಿಕ ಊಟ) ರೊಟ್ಟಿ, ದಾಲು, ಅನ್ನಕ್ಕೆ ಖಾರ ಕಡಿಮೆ, ಹೋಟೆಲಿನ ಖಾರಕ್ಕೆ ಒಗ್ಗದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಊಟ ಊರಲ್ಲಿ ಸಿಗುವುದು ಕಷ್ಟ. ಎಲ್ಲರೂ ತಲೆ ಮುಚ್ಚಬೇಕು, ಮಕ್ಕಳೂ ಸಹ. ಟೋಪಿ ನಡೆಯುವುದಿಲ್ಲ, ದೊಡ್ಡ ಕರವಸ್ತ್ರ ಒಯ್ದು ಹಿಂದೆ ಗಂಟು ಹಾಕಿ. ನೆಲದ ಮೇಲೆ ಸಾಲಾಗಿ ಕೂರಬೇಕು. ರೊಟ್ಟಿಗೆ ಎರಡೂ ಕೈ ಚಾಚಬೇಕು. ಮಗುವಿಗೆ ಬೇರೆ ತಟ್ಟೆ ತೆಗೆದುಕೊಂಡು ಬಿಡುವುದಕ್ಕಿಂತ ನಿಮ್ಮ ತಟ್ಟೆಯಲ್ಲೇ ಉಣ್ಣಿಸಿ, ಅಲ್ಲಿ ಚೆಲ್ಲುವುದು ಸಲ್ಲ.

ಮಧ್ಯಾಹ್ನದ ನಿದ್ದೆಗೆ ಬರೀದ್ ಶಾಹಿ ಗೋರಿಗಳ ಉದ್ಯಾನ: ಮರ, ಹುಲ್ಲು, ಚಾದರ ಹಾಸಲು ಜಾಗ. ಸಂಜೆ ನಾಲ್ಕರ ಮೇಲೆ ಅಷ್ಟೂರಿನ ಗುಮ್ಮಟಗಳು. ಅಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಷಾನ ಗೋರಿ ಸಿಡಿಲು ಬಡಿದು ಒಡೆದು ನಿಂತಿದೆ. ಗುಮ್ಮಟದ ಗೋಡೆ ಎಷ್ಟು ದಪ್ಪ, ಒಳಗೆ ಏನು ತುಂಬಿದ್ದಾರೆ ಎಲ್ಲ ಬಯಲಾಗಿ ಕಾಣುವುದರಿಂದ ಆರೇಳು ವರ್ಷದ ಮಕ್ಕಳ ಪ್ರಶ್ನೆಗಳಿಗೆ ಕೊನೆಯೇ ಇರುವುದಿಲ್ಲ. ದೂರ ನಿಂತೇ ತೋರಿಸಿ.

ನರಸಿಂಹ ಝರಣಿ ಗುಹಾ ದೇವಸ್ಥಾನಕ್ಕೆ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಸುಮಾರು 300 ಮೀಟರ್ ಗುಹೆಯಲ್ಲಿ ದೊಡ್ಡವರ ಎದೆಮಟ್ಟದ ನೀರು, ಮೇಲೆ ಬಾವಲಿ, ಹಿಂದೆ ಮುಂದೆ ಜನ. ಹೆಗಲ ಮೇಲೆ ಮಗು ಹೊತ್ತು ಹೋಗುವವರಿದ್ದಾರೆ. ನಾವು ಬೇಡ ಎನ್ನುತ್ತೇವೆ. ನಡುವೆ ಮಗು ಹೆದರಿದರೆ ಆ ಗುಂಪಿನಲ್ಲಿ ತಿರುಗಿ ಬರುವುದು ಕಷ್ಟ.

ಮಳೆ ಕಳೆದ ಮೇಲೆ

ಚಿಂಚೋಳಿ ವನ್ಯಧಾಮದ ಚಂದ್ರಂಪಳ್ಳಿ ಜಲಾಶಯಕ್ಕೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಸರಿಯಾದ ಕಾಲ. ಎತ್ತಿಪೋತ ಜಲಪಾತದಲ್ಲಿ ಮಳೆಗಾಲ ಬಿಟ್ಟು ನೀರು ನಿರೀಕ್ಷಿಸಬೇಡಿ. ನೀರಿದ್ದಾಗ ಬಂಡೆ ಪಾಚಿಗಟ್ಟಿರುತ್ತದೆ. ಯಾದಗಿರಿ ಕಡೆ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ ಚಳಿಗಾಲದ ಮುಂಜಾನೆಗೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ದೂರದಿಂದಲೇ ಚೆಂದ, ಹತ್ತಿರ ಹೋದರೆ ಆ ಆಕಾರ ಕಾಣುವುದಿಲ್ಲ. ಸನ್ನತಿ, ಕನಗನಹಳ್ಳಿಯ ಪ್ರಾಚೀನ ಬೌದ್ಧ ಅವಶೇಷಗಳು ಇತಿಹಾಸಪ್ರಿಯರಿಗೆ ಸ್ವರ್ಗ, ಎರಡು ವರ್ಷದ ಮಗುವಿಗೆ ಬರೀ ಬಿಸಿಲು.

ಎಳ್ಳಮಾವಾಸ್ಯೆ

ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬರುವ ಈ ಹಬ್ಬದಂದು ಕಲಬುರಗಿ, ಬೀದರ್ ಊರುಗಳೇ ಖಾಲಿಯಾಗುತ್ತವೆ, ಎಲ್ಲರೂ ಹೊಲದಲ್ಲಿ. ಸಹೋದ್ಯೋಗಿಯೋ ಪಕ್ಕದ ಮನೆಯವರೋ "ಹೊಲಕ್ಕೆ ಬರ್ರಿ" ಎಂದರೆ ಸುಮ್ಮನೆ ಹೊರಡಿ, ಅದು ಉಪಚಾರದ ಮಾತಲ್ಲ. ಪೂಜೆ, ಚರಗ ಚೆಲ್ಲುವುದು (ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಎರಚುವುದು), ಆಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಾಳು, ಸೊಪ್ಪುಗಳನ್ನು ಕಡಲೆ ಹಿಟ್ಟು ಹಾಕಿ ಕುದಿಸಿದ ಗಟ್ಟಿ ಪಲ್ಯ. ಮಕ್ಕಳಿಗೆ ಮೊದಲ ಸಲ ಎರಡು ಚಮಚ ಸಾಕು, ಇಷ್ಟು ಬಗೆಯ ಕಾಳು ಒಮ್ಮೆಲೇ ಹೊಟ್ಟೆಗೆ ಹೋದರೆ ರಾತ್ರಿ ಉಬ್ಬರ. ಹಿಂದಿನ ದಿನ ಮಳೆಯಾಗಿದ್ದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿ ಸ್ಕೂಟರ್ ನಿಂತುಬಿಡುತ್ತದೆ. ಡಾಂಬರು ರಸ್ತೆಯಲ್ಲೇ ಗಾಡಿ ಬಿಟ್ಟು ನಡೆಯಿರಿ. ಕೈಲಿ ಹಣ್ಣು ಒಯ್ದರೆ ಸಾಕು, ಸ್ವೀಟ್ ಡಬ್ಬ ಬೇಡ.

ಚೀಲದಲ್ಲಿ ಏನಿರಬೇಕು

ಅರ್ಧ ದಿನಕ್ಕೆ ಮಗುವಿಗೆ ಒಂದು ಲೀಟರ್, ದೊಡ್ಡವರಿಗೆ ತಲಾ ಎರಡು ಲೀಟರ್ ಮನೆಯ ನೀರು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಮಾತ್ರ, ಬಿಸಿಲೆಂದು ನೀರು ಕುಡಿಸಬೇಡಿ, ಬದಲಿಗೆ ಮೇಲಿಂದ ಮೇಲೆ ಹಾಲೂಡಿಸಿ. ಓಆರ್‌ಎಸ್ ಪೊಟ್ಟಣದಲ್ಲಿ ತಪ್ಪು ಬಹಳ: ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಕಲಸಿ, 24 ತಾಸಿನ ನಂತರ ಚೆಲ್ಲಿ. ಆರು ತಾಸು ಮೂತ್ರ ಹೋಗದಿದ್ದರೆ, ಮಗು ಮಂಕಾಗಿ ಮಲಗಿದರೆ ತಿರುಗಾಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೆಡುವುದಿಲ್ಲ. ಚಿಕ್ಕವರಿಗೆ ಮೆತ್ತನೆ ರೊಟ್ಟಿ, ಬೆಲ್ಲ. ಮೊಸರನ್ನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮುಗಿಸಿ. ರಸ್ತೆ ಬದಿಯ ಕತ್ತರಿಸಿದ ಹಣ್ಣು, ಬರ್ಫ್ ಗೋಲಾ ಬೇಡ. ನಿಂತ ಕಾರಿನ ಬೆಲ್ಟಿನ ಕಬ್ಬಿಣ ಸುಡುತ್ತದೆ, ಕೂರಿಸುವ ಮೊದಲು ಬಟ್ಟೆ ಹಾಸಿ. ಐದೇ ನಿಮಿಷವಾದರೂ ಮಗುವನ್ನು ಒಳಗೆ ಬಿಟ್ಟು ಇಳಿಯಬೇಡಿ.

ಹೋಳಿಯಾಗಿ ಐದನೇ ದಿನ ಶರಣಬಸವೇಶ್ವರರ ರಥೋತ್ಸವ. ತೇರಿನ ಹೊತ್ತಿಗೆ ಚಿಕ್ಕ ಮಕ್ಕಳನ್ನು ಒಯ್ಯಬೇಡಿ, ಕಾಲಿಡಲೂ ಜಾಗವಿರುವುದಿಲ್ಲ. ಅಂಗಡಿ, ತೊಟ್ಟಿಲು, ಆಟಿಕೆಗಳು ಆಮೇಲೂ ದಿನಗಟ್ಟಲೆ ಇರುತ್ತವೆ. ವಾರದ ನಡುವಿನ ಸಂಜೆ ಹೋಗಿ. ಮಗುವಿನ ಜೇಬಿನಲ್ಲಿ ನಿಮ್ಮ ಮೊಬೈಲ್ ನಂಬರ್ ಬರೆದ ಚೀಟಿ ಇರಲಿ.