ಸ್ಪೀಕರ್ ವೈರ್ ಜೋಡಿಸುವ ಸರಿಯಾದ ಕ್ರಮ

ಕೆಲಸ ಆರಂಭಿಸುವ ಮುನ್ನ ಆಂಪ್ಲಿಫೈಯರ್ ಆಫ್ ಮಾಡಿ, ಅದರ ಪ್ಲಗ್ಗನ್ನೂ ಕಿತ್ತಿಡಬೇಕು. 8 ಓಮ್‌ನ (ಓಮ್ ಎಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರ್‌ಗಳಿಗೆ, ದೂರ 10 ಮೀಟರ್ ಮೀರದಿದ್ದರೆ, ತುಮಕೂರಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ 1.5 ಚದರ ಮಿಲಿಮೀಟರ್‌ನ ಜೋಡಿ ತಾಮ್ರದ ವೈರ್ ಸಾಕು. ದುಬಾರಿ ಕೇಬಲ್‌ಗೆ ಹಣ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ವೈರಿನ ತುದಿಯಲ್ಲಿ ಸುಮಾರು 12 ಮಿಲಿಮೀಟರ್ ಹೊದಿಕೆ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆಯಬೇಕು. ಬಳಿಕ ಟರ್ಮಿನಲ್‌ನ, ಅಂದರೆ ವೈರ್ ಸಿಕ್ಕಿಸುವ ಜಾಗದ, ತಿರುಪನ್ನು ಸಡಿಲಿಸಿ, ಅದರ ರಂಧ್ರದಲ್ಲಿ ತಾಮ್ರವನ್ನಷ್ಟೇ ತೂರಿಸಿ ಬಿಗಿಗೊಳಿಸಿ, ಮೆಲ್ಲಗೆ ಎಳೆದು ನೋಡಬೇಕು. ಇಲ್ಲಿ ಅವಸರ ಸಲ್ಲದು: ಕೂದಲಿನಷ್ಟು ತೆಳುವಾದ ಒಂದೇ ಎಳೆ ಪಕ್ಕದ ಟರ್ಮಿನಲ್‌ಗೆ ತಗುಲಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಆಂಪ್ಲಿಫೈಯರ್‌ನ ಕೆಂಪು ಟರ್ಮಿನಲ್ ಸ್ಪೀಕರ್‌ನ ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಎರಡರಲ್ಲಿ ಒಂದು ಸ್ಪೀಕರ್‌ಗೆ ಮಾತ್ರ ಇದು ಅದಲುಬದಲಾದರೆ, ಒಂದರ ಕೋನ್ (ಕಂಪಿಸಿ ಸದ್ದು ಹೊರಡಿಸುವ ಭಾಗ) ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಸರಿಯುವುದರಿಂದ, ಮೃದಂಗದ ಎಡಭಾಗದ ಗುಂಕಾರ ಸೊರಗುತ್ತದೆ ಮತ್ತು ನಡುವಿನಿಂದ ಕೇಳಿಬರಬೇಕಾದ ಗಾಯಕರ ದನಿ ಎಲ್ಲಿಂದ ಬರುತ್ತಿದೆಯೆಂದು ತಿಳಿಯುವುದಿಲ್ಲ. ಅನುಮಾನವಿದ್ದರೆ ಪ್ಲಗ್ ಕಿತ್ತು, ಒಂದು ಸ್ಪೀಕರ್‌ನ ವೈರನ್ನು ಆಂಪ್ಲಿಫೈಯರ್‌ನ ತುದಿಯಲ್ಲಿ ಅದಲುಬದಲು ಮಾಡಿ, ಅದೇ ಹಾಡನ್ನು ಮತ್ತೆ ಕೇಳಬೇಕು. ಗುಂಕಾರ ತುಂಬಿ ಬರುವ ಜೋಡಣೆಯೇ ಸರಿಯಾದುದು.