ಒಂಬತ್ತು, ಹನ್ನೆರಡು, ಹದಿನೈದು: ನಮ್ಮ ಮನೆಗೆ ಲೈಸೆನ್ಸ್ ಸಿಕ್ಕಿದ್ದು ಹೀಗೆ

ಹೋದ ತಿಂಗಳು ನಮ್ಮ ಮನೆಗೆ ಕಟ್ಟಡ ಲೈಸೆನ್ಸ್ ಕೈಗೆ ಬಂತು. ಮೂರನೇ ಅರ್ಜಿಗೆ. ಮೊದಲಿನ ಎರಡು ಅರ್ಜಿಗಳು ಸೇರಿ ಒಂದೂಕಾಲು ವರ್ಷ ತಿಂದಿದ್ದವು. ಈ ಸಲ ಇಪ್ಪತ್ತಾರೇ ದಿನ. ಏಜೆಂಟ್ ಇಲ್ಲ, ಶಿಫಾರಸು ಇಲ್ಲ. ನಮ್ಮ ಭಾವನಿಂದ ಹಿಡಿದು ಮೇಸ್ತ್ರಿಯವರೆಗೆ ಎಲ್ಲರೂ "ಇದು ಆಗೋ ಮಾತಲ್ಲ" ಅಂದಿದ್ದರು. ಈಗ ಅವರೇ ಬೇರೆಯವರನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಪ್ರತಿಯೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಮ್ಮದು ಶಿವಮೊಗ್ಗದಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಊರು. ಸೈಟ್ 30×40. ಪೂರ್ವಕ್ಕೆ ರಸ್ತೆ. ಹಿಂದೆ ಯಾರದೋ ಅಡಿಕೆ ತೋಟ, ಅದರ ಕೆಳಗೆ ಹಳ್ಳ. ರಸ್ತೆಯಿಂದ ಹಿಂದಕ್ಕೆ ಜಾಗ ಇಳಿಯುತ್ತಾ ಹೋಗುತ್ತದೆ. ಉತ್ತರದ ಕಡೆ ಹಿಂದಿನವರು ಮಣ್ಣು ತುಂಬಿಸಿದ್ದರಿಂದ ಹೆಚ್ಚುಕಡಿಮೆ ಸಮ. ದಕ್ಷಿಣದ ಕಡೆ ಮಾತ್ರ ಧರೆ, ಅಂದರೆ ಇಳಿಜಾರು, ಇದ್ದ ಹಾಗೇ ಇದೆ.

ಮೊದಲನೇ ಅರ್ಜಿಗೆ ಎಂಜಿನಿಯರ್ ಸೈಟಿಗೆ ಬರಲೇ ಇಲ್ಲ. ಕ್ರಯಪತ್ರದಲ್ಲಿ 30×40 ಇದೆ, ಅಷ್ಟಕ್ಕೇ ನಕ್ಷೆ ಬರೆದರು. ಆಸ್ತಿಯ ದಾಖಲೆಯಾದ ಇ-ಖಾತೆಯಲ್ಲಿ ನೋಡಿದರೆ 9 ಮೀಟರ್, 12 ಮೀಟರ್ ಅಂತ ಇತ್ತು. ಅಡಿಯನ್ನು ಮೀಟರಿಗೆ ತರುವಾಗ ಯಾರೋ ದಶಾಂಶ ಬಿಟ್ಟಿದ್ದಾರೆ. ಲೆಕ್ಕಕ್ಕೆ 9.14, 12.19 ಆಗಬೇಕು. ನಕ್ಷೆಗೂ ಖಾತೆಗೂ ತಾಳೆ ಇಲ್ಲ ಅಂತ ಅರ್ಜಿ ವಾಪಸ್ ಬಂತು.

"ಖಾತೆ ತಿದ್ದಿಸು, ಎರಡು ವಾರದ ಕೆಲಸ" ಅಂದರು ಎಲ್ಲರೂ. ನಾನೂ ನಂಬಿದೆ. ಅರ್ಜಿ, ಅಫಿಡವಿಟ್, ಹೊಸ ಇ.ಸಿ. (ಋಣಭಾರ ಪತ್ರ), ಕಂದಾಯದ ರಸೀದಿ, ಎಲ್ಲಾ ಕೊಟ್ಟೆ. ನಾಲ್ಕು ತಿಂಗಳಾದ ಮೇಲೆ ಕಚೇರಿಯಿಂದ ಒಬ್ಬರು ಟೇಪು ಹಿಡಿದುಕೊಂಡು ಬಂದರು. ಹಿಂದೆ 29 ಅಡಿ 8 ಇಂಚು. ದಕ್ಷಿಣದ ಬದಿ 39 ಅಡಿ 6 ಇಂಚಿನ ಮೇಲೆ ಸ್ವಲ್ಪ. "ಜಾಗದಲ್ಲೇ ಇಲ್ಲದ್ದನ್ನು ಖಾತೆಗೆ ಹೇಗೆ ಏರಿಸೋದು ಹೇಳಿ" ಅಂದರು. ನನಗೆ ಉತ್ತರ ಇರಲಿಲ್ಲ.

ಎರಡನೇ ಅರ್ಜಿಗೆ ಬೇರೆ ಯೋಚನೆ ಮಾಡಿದೆ. ಜಾಗ ಎಷ್ಟಿದೆಯೋ ಅಷ್ಟಕ್ಕೇ, ಸೊಟ್ಟಗಿದ್ದದ್ದನ್ನು ಸೊಟ್ಟಗೇ ಬರೆಸಿದೆ. ಇದು ಪ್ರಾಮಾಣಿಕ ನಕ್ಷೆ, ಒಪ್ಪುತ್ತಾರೆ ಅಂದುಕೊಂಡೆ. ಅದು ಕ್ರಯಪತ್ರಕ್ಕೂ ಹೊಂದಲಿಲ್ಲ, ಖಾತೆಗೂ ಹೊಂದಲಿಲ್ಲ. ಮತ್ತೆ ವಾಪಸ್. ಆಗ ಕ್ರಯಪತ್ರವನ್ನೇ ತಿದ್ದಿಸುವ ಸಲಹೆ ಬಂತು. ಸೈಟ್ ಕೊಟ್ಟವರು ತೀರಿಹೋಗಿದ್ದಾರೆ. ಮೂವರು ಮಕ್ಕಳು, ಒಬ್ಬರು ಪುಣೆಯಲ್ಲಿ. ತಿದ್ದುಪಡಿ ಪತ್ರಕ್ಕೆ ಮೂವರೂ ಸಹಿ ಹಾಕಬೇಕು. ಕರಡು ಬರೆಸಿ, ಓಡಾಡಿ, ಸುಮಾರು ಹನ್ನೆರಡು ಸಾವಿರ ಕಳೆದ ಮೇಲೆ ಒಬ್ಬರು ಬರುವುದಿಲ್ಲ ಅಂದುಬಿಟ್ಟರು.

ದಕ್ಷಿಣದ ಬದಿಯಲ್ಲಿ ಕಡಿಮೆ ಬಂದ ಆ ಐದೂವರೆ ಇಂಚು ಎಲ್ಲಿ ಹೋಯಿತು ಅನ್ನುವುದು ನನ್ನ ತಲೆಯಿಂದ ಹೋಗಲೇ ಇಲ್ಲ. ಪಕ್ಕದವರು ಒತ್ತಿಲ್ಲ. ಕಲ್ಲು ಹಳೇ ಜಾಗದಲ್ಲೇ ಇದೆ. ಒಂದು ಭಾನುವಾರ ಮೇಸ್ತ್ರಿಯ ಲೆವಲ್ ಪೈಪು ತಂದು ನೀರು ತುಂಬಿಸಿ ದಕ್ಷಿಣದ ಬದಿಯ ಇಳಿಜಾರು ಹಿಡಿದೆ. ಮುಂದಿನ ಕಲ್ಲಿಗೂ ಹಿಂದಿನ ಕಲ್ಲಿಗೂ ಆರಡಿ ವ್ಯತ್ಯಾಸ. ಆಮೇಲೆ ಟೇಪನ್ನು ನೆಲಕ್ಕೆ ತಾಗಿಸಿ, ಧರೆಯ ಮೇಲೇ ಎಳೆದೆ. ಸರಿಯಾಗಿ ನಲವತ್ತಡಿ! ಲೇಔಟ್ ಮಾಡಿದವರು ಇಳಿಜಾರಿನ ಮೇಲೆ ಟೇಪು ಹಾಸಿ ಅಳೆದು ಕಲ್ಲು ನೆಟ್ಟಿದ್ದರು. ನಲವತ್ತಡಿ ಇಳಿಜಾರು ಆರಡಿ ಇಳಿದರೆ, ಮಟ್ಟವಾಗಿ ಹಿಡಿದಾಗ ಉಳಿಯುವುದು 39 ಅಡಿ 6 ಇಂಚಿನ ಮೇಲೆ ಅರ್ಧ ಇಂಚು. ನನ್ನ ಜಾಗವನ್ನು ಯಾರೂ ಕದ್ದಿರಲಿಲ್ಲ. ಮಲೆನಾಡಿನ ಧರೆ ಸೈಟುಗಳಲ್ಲಿ ಈ ಕಥೆ ಎಷ್ಟಿರಬಹುದು ಯೋಚನೆ ಮಾಡಿ. ಆಮೇಲೆ ಗೆಳೆಯರ ಎರಡು ಸೈಟುಗಳಲ್ಲಿ ಹೀಗೇ ಅಳೆದೆ. ಒಂದರಲ್ಲಿ ಇದೇ ತಪ್ಪು, ಮೂರು ಇಂಚು ಕಡಿಮೆ. ಇನ್ನೊಂದು ಸರಿ ಇತ್ತು.

ಟೇಪಿನ ವಿಷಯವೂ ಹೇಳಿಬಿಡುತ್ತೇನೆ. ಬಟ್ಟೆ ಟೇಪು, ಸ್ಟೀಲ್ ಟೇಪು, ಮೊಬೈಲ್ ಆ್ಯಪ್, ಮೂರರಲ್ಲೂ ಅಳೆದು ನೋಡಿದೆ. ಬಟ್ಟೆ ಟೇಪು ಎಳೆದಷ್ಟೂ ಬರುತ್ತದೆ, ಎರಡು ಇಂಚು ಆಚೀಚೆ ಆಯಿತು. ಆ್ಯಪ್ ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳಲಿಲ್ಲ. ಸ್ಟೀಲ್ ಟೇಪು, ತೂಗುಗುಂಡು, ಹಿಡಿಯಲು ಒಬ್ಬ ತಾಳ್ಮೆಯ ಮನುಷ್ಯ, ಇಷ್ಟು ಸಾಕು.

ಆ ರಾತ್ರಿ ಖಾತೆ ಮುಂದಿಟ್ಟುಕೊಂಡು ಕೂತಾಗ ಹೊಳೆಯಿತು. 9×12 ತಪ್ಪು ಅಂತ ಒಂದು ವರ್ಷ ಓಡಾಡಿದೆನಲ್ಲ, ಅದೇ ಎಲ್ಲಕ್ಕಿಂತ ಚಿಕ್ಕ ಅಳತೆ. ಕ್ರಯಪತ್ರದೊಳಗೂ ಹಿಡಿಸುತ್ತದೆ. ಜಾಗದಲ್ಲಿ ಹಿಂದೆ 9.04, ದಕ್ಷಿಣದಲ್ಲಿ 12.05 ಇದೆ, ಅದರೊಳಗೂ ಹಿಡಿಸುತ್ತದೆ. ಹಾಗಾದರೆ ತಿದ್ದಿಸುವುದು ಯಾಕೆ? ನಕ್ಷೆಯನ್ನೇ 9×12ಕ್ಕೆ ಬರೆದರೆ ಯಾವ ಕಾಗದದ ಜೊತೆಗೂ ಜಗಳ ಇಲ್ಲ.

ಇನ್ನೊಂದು ಅದೃಷ್ಟವೂ ಇತ್ತು. ಮೂಲೆ ಮಟ್ಟ ನೋಡಲು ಮೇಸ್ತ್ರಿಗಳು ಬದಿಗಳಿಗೆ ಮೂರು, ನಾಲ್ಕು, ಕರ್ಣಕ್ಕೆ ಐದು ಹಿಡಿಯುತ್ತಾರೆ ಅಲ್ವಾ? ಒಂಬತ್ತು, ಹನ್ನೆರಡು ಅಂದರೆ ಅದರ ಮೂರು ಪಟ್ಟು. ಮೂಲೆಯಿಂದ ಮೂಲೆಗೆ ಸರಿಯಾಗಿ ಹದಿನೈದು ಮೀಟರ್. ಹಿಗ್ಗದ ಹಗ್ಗಕ್ಕೆ ಮೂರು ಗಂಟು ಹಾಕಿ, ನಾಲ್ಕು ಗೂಟ ಹೊಡೆದು, ಚೌಕಟ್ಟು ಕೂರಿಸಿದೆ. ಮೊದಲ ಸಲ ನೈರುತ್ಯದ ಗೂಟ ಪಕ್ಕದವರ ಕಡೆಗೆ ಹೋಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಕೂತಿತು, ಎರಡು ಬೆರಳು ಜಾಗ ಉಳಿಯಿತು. ಯಾವ ಮೂಲೆಯಿಂದ ಶುರು ಮಾಡಿದರೆ ಕೂರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಜಾಗದಲ್ಲಿ ನೀವೇ ಹಗ್ಗ ಹಿಡಿದರೆ ಗೊತ್ತಾಗುತ್ತದೆ.

ಭಾವ ಬಂದು ನೋಡಿ, "ಅಲ್ಲ ಮಾರಾಯ, ದುಡ್ಡು ಕೊಟ್ಟು ತಗೊಂಡ ಜಾಗ ಯಾರಾದ್ರೂ ಬಿಡ್ತಾರಾ?" ಅಂದ. ಬಿಟ್ಟಿದ್ದು ಏನು? ಕ್ರಯಪತ್ರ, ಚಕ್ಕುಬಂದಿ ಹಾಗೇ ಇವೆ. ಕಾಂಪೌಂಡ್ ಹಳೇ ಕಲ್ಲಿನ ಮೇಲೇ ಬರುತ್ತದೆ. ಮನೆಯ ಅಗಲದಲ್ಲಿ ಹೋಗಿದ್ದು 14 ಸೆಂಟಿಮೀಟರ್ ಮಾತ್ರ. ಅದನ್ನೂ ವಾಪಸ್ ತಂದೆ. ಭಾರ ಹೊರದ ಮೂರು ಒಳಗೋಡೆಗಳನ್ನು ಜಂಬಿಟ್ಟಿಗೆ ಕಲ್ಲು (ಮುರಕಲ್ಲು) ಬಿಟ್ಟು ನಾಲ್ಕೂವರೆ ಇಂಚಿನ ಇಟ್ಟಿಗೆಗೆ ಬದಲಾಯಿಸಿದೆ. ಒಂಬತ್ತು ಇಂಚಿನ ಗೋಡೆ ಅರ್ಧಕ್ಕೆ ಇಳಿದರೆ ಮೂರಕ್ಕೆ ಒಂದಡಿ ಮೇಲೆ ಸಿಕ್ಕಿತಲ್ಲ.

ನಕ್ಷೆ ಬರೆದಿದ್ದು ಶಿವಮೊಗ್ಗದ ಒಬ್ಬ ಹುಡುಗಿ, ನೋಂದಣಿ ಇರುವ ಎಂಜಿನಿಯರ್ ಹತ್ತಿರ ಕೆಲಸ ಮಾಡುವವಳು. ನಕ್ಷೆ ಬರೆದವರಲ್ಲಿ ಜಾಗಕ್ಕೆ ಬಂದು ಗೂಟ ನೋಡಿ ಹೋದವಳು ಅವಳೊಬ್ಬಳೇ. ಆನ್‌ಲೈನಿಗೆ ಹಾಕುವಾಗ ನಕ್ಷೆ ಮೂರು ಸಲ ಬಿತ್ತು. ಬಚ್ಚಲಿನ ಒಂದು ಗೆರೆ ಮೂಲೆಯಲ್ಲಿ ಮುಚ್ಚಿರಲಿಲ್ಲ, ಅಷ್ಟೇ. ಕಣ್ಣಿಗೆ ಕಾಣದ ಸಂದು. ಅದಕ್ಕಿಂತ ದೊಡ್ಡ ತಲೆನೋವು ಸೂರಿನದು. ನಮ್ಮ ಕಡೆ ಮಳೆಗೆ ಮೂರಡಿ ಸೂರು ಇಲ್ಲದಿದ್ದರೆ ಗೋಡೆ ಉಳಿಯುವುದಿಲ್ಲ. ಆದರೆ ಮನೆಯ ಪಕ್ಕ ಖಾಲಿ ಬಿಡಬೇಕಾದ ಜಾಗವೇ ಒಂದು ಮೀಟರ್, ಸೂರು ಅದನ್ನು ಹೆಚ್ಚುಕಡಿಮೆ ಎಲ್ಲಾ ಮುಚ್ಚುತ್ತದೆ. ಅವಳ ಮಾತು ಕೇಳಿ ಸೂರನ್ನು ಎರಡಡಿಗೆ ಇಳಿಸಿದೆ. ಗಾಳಿಮಳೆ ಹೊಡೆಯುವ ಪಶ್ಚಿಮಕ್ಕೆ ಗೋಡೆಯನ್ನೇ ಮೂರಡಿ ಒಳಗೆ ತಂದು ಜಗಲಿ ಮಾಡಿದೆ. ಈಗ ಅನ್ನಿಸುತ್ತದೆ, ಜಗಲಿಯೇ ಆ ಮನೆಯ ಒಳ್ಳೇ ಜಾಗ.

ಅರ್ಜಿಯ ಜೊತೆ ಅರ್ಧ ಪುಟದ ಪತ್ರ ಇಟ್ಟಿದ್ದೆ. ಮೂರು ಅಳತೆಗಳನ್ನೂ ಪಕ್ಕಪಕ್ಕ ಬರೆದು, ಚಿಕ್ಕದಕ್ಕೆ ನಕ್ಷೆ ಮಾಡಿದ್ದೇನೆ ಅಂತ. ಕೊನೆಯ ಒಂದು ಸಾಲು ನನ್ನ ಹತ್ತಿರವೇ ಇರಲಿ. ಸ್ಥಳಕ್ಕೆ ಬಂದವರು ಹಗ್ಗ ಹಿಡಿದು ನೋಡಿ ಹತ್ತೇ ನಿಮಿಷಕ್ಕೆ ಹೊರಟರು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಮೊದಲ ನಕ್ಷೆ ಎಂಟು ಸಾವಿರ, ಎರಡನೆಯದಕ್ಕೆ ಮೂರು. ಖಾತೆ ತಿದ್ದುಪಡಿಯ ಓಡಾಟ ಆರು, ಕ್ರಯಪತ್ರದ ಹನ್ನೆರಡು. ಇಪ್ಪತ್ತೊಂಬತ್ತು ಸಾವಿರ ಸುಮ್ನೆ ಹೋಯಿತು. ಏಜೆಂಟ್ ಕೇಳಿದ್ದು ನಲವತ್ತು. ಕೊನೆಯ ನಕ್ಷೆಗೆ ಆರು ಸಾವಿರ, ಹಗ್ಗ, ಗೂಟಕ್ಕೆ ಏಳುನೂರು. ಲೈಸೆನ್ಸ್ ಶುಲ್ಕ ಹದಿನೈದರ ಹತ್ತಿರ. ಕಾರ್ಮಿಕ ಸೆಸ್ ಶೇಕಡಾ ಒಂದು, 28 ಲಕ್ಷದ ಅಂದಾಜಿಗೆ 28 ಸಾವಿರ. ಇದನ್ನು ಮೊದಲೇ ತೆಗೆದಿಡಿ, ಕೊನೆಗೆ ಕೈ ಕಟ್ಟಿಹಾಕುತ್ತದೆ. ಲೈಸೆನ್ಸ್ ಇಲ್ಲದೆ ಬ್ಯಾಂಕ್ ಸಾಲ ಬಿಡಲಿಲ್ಲ, ಅಷ್ಟರಲ್ಲಿ ಜಂಬಿಟ್ಟಿಗೆ ಕಲ್ಲಿಗೆ ನಾಲ್ಕೈದು ರೂಪಾಯಿ ಏರಿತ್ತು. ನಿಜವಾಗಿ ನೋವಾಗಿದ್ದು ಅದು.

ಈಗ ಪಾಯ ತೋಡುತ್ತಿದ್ದೇವೆ. ಜೆಸಿಬಿಯವನು ಬಂದ ದಿನವೇ ಎರಡು ಗೂಟ ಕಿತ್ತು ಹಾಕಿದ. ಅಳತೆ ಬರೆದಿಟ್ಟಿದ್ದರಿಂದ ಮತ್ತೆ ಕೂರಿಸಿದೆ. ಈ ಸಲ ನಾಲ್ಕಕ್ಕೂ ಕಾಂಕ್ರೀಟ್ ಹಾಕಿ, ಬುಡಕ್ಕೆ ಕಲ್ಲು ಇಟ್ಟಿದ್ದೇನೆ. ಪಾಯದ ಅಳತೆ ನೋಡಲು ಕಚೇರಿಯವರು ಮತ್ತೆ ಬರುವವರೆಗೆ ಅವು ಅಲ್ಲಾಡಬಾರದು.